ಟೊಯೊಟಾ ಟರ್ಸೆಲ್ ಫೋರ್ ವೀಲ್ ಡ್ರೈವ್ ವ್ಯಾಗನ್ (1985): ಕೊಂಡು, ಸರಿಪಡಿಸಿ, ಕ್ಯಾಲಿಫೋರ್ನಿಯಾದಲ್ಲಿ ಓಡಿಸಿದ ಮೇಲಿನ ವಿಮರ್ಶೆ

ಹಳೆಯ ಜಪಾನಿ ಕಾರೊಂದನ್ನು ಕೊಂಡು, ಬಿಡುವಿನ ವೇಳೆಯಲ್ಲಿ ತಾವೇ ರಿಪೇರಿ ಮಾಡಿ ಓಡಿಸಬೇಕೆಂಬ ಆಸೆ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದ ಕನ್ನಡಿಗರಲ್ಲಿ ಅನೇಕರಿಗಿದೆ. ಹೆಚ್ಚಿನವರು ಸ್ಪೋರ್ಟ್ಸ್ ಕಾರುಗಳನ್ನು ಹುಡುಕುತ್ತಾರೆ. ಬೆಲೆ ಕೇಳಿ ಹಿಂದೆ ಸರಿಯುತ್ತಾರೆ. ಅಂಥವರು 1983ರಿಂದ 1988ರವರೆಗೆ ಅಮೆರಿಕದಲ್ಲಿ ಮಾರಾಟವಾದ ಟೊಯೊಟಾ ಟರ್ಸೆಲ್ ಫೋರ್ ವೀಲ್ ಡ್ರೈವ್ ವ್ಯಾಗನ್ನನ್ನು ಒಮ್ಮೆ ನೋಡಬೇಕು ಎಂಬುದು ಈ ಕಾರಿನ 1985ರ ಮಾದರಿಯನ್ನು ಕೆಲವು ವರ್ಷಗಳಿಂದ ಇಟ್ಟುಕೊಂಡಿರುವ ನನ್ನ ಖಚಿತ ಅಭಿಪ್ರಾಯ. ಆದರೆ ಕೊಳ್ಳುವಾಗ ಎರಡು ವಿಷಯಗಳಲ್ಲಿ ರಾಜಿಯಾಗಬಾರದು. ಒಂದು, ಕಾರಿನ ತಳಕ್ಕೆ ತುಕ್ಕು ಹಿಡಿದಿರಬಾರದು. ಎರಡು, ಹೊಗೆ ನಿಯಂತ್ರಣಕ್ಕೆ ಸಂಬಂಧಿಸಿದ ಮೂಲ ಭಾಗಗಳೆಲ್ಲ ಬಾನೆಟ್ಟಿನ ಕೆಳಗೆ ಇರಬೇಕು. ಎಂಜಿನ್ ಕೆಟ್ಟಿದ್ದರೂ ಚಿಂತೆಯಿಲ್ಲ. ಈ ಎರಡರಲ್ಲಿ ಒಂದು ಕೈಕೊಟ್ಟರೆ ಆ ಕಾರು ಬೇಡ.

ಈ ವ್ಯಾಗನ್ ಜಪಾನಿನಲ್ಲಿ 1982ರ ಆಗಸ್ಟಿನಲ್ಲಿ ಸ್ಪ್ರಿಂಟರ್ ಕ್ಯಾರಿಬ್ ಎಂಬ ಹೆಸರಿನಲ್ಲಿ ಬಂತು. ಇದರ ವಿಶೇಷ ಅರ್ಥವಾಗಬೇಕಾದರೆ ಮೊದಲ ತಲೆಮಾರಿನ ಟರ್ಸೆಲ್ ಕಡೆಗೆ ನೋಡಬೇಕು. 1978ರ ಆ ಕಾರು ಟೊಯೊಟಾ ತಯಾರಿಸಿದ ಮೊದಲ ಫ್ರಂಟ್ ವೀಲ್ ಡ್ರೈವ್ ಕಾರು. ಅಂಥ ಕಾರುಗಳಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸುವ ಪದ್ಧತಿ ಆಗಲೇ ಹರಡುತ್ತಿದ್ದರೂ ಟರ್ಸೆಲ್‌ನಲ್ಲಿ ಅದನ್ನು ಹಿಂದಿನ ಚಕ್ರಗಳಿಂದ ಓಡುವ ಕಾರುಗಳಂತೆ ಉದ್ದಕ್ಕೇ ಕೂರಿಸಿದ್ದರು. ಗಿಯರ್‌ಬಾಕ್ಸ್ ಕೂಡ ಹಿಂದಕ್ಕೆ ಮುಖ ಮಾಡಿಕೊಂಡಿದ್ದರಿಂದ, ಎರಡನೆಯ ತಲೆಮಾರಿನಲ್ಲಿ ಅದರ ಹಿಂಬದಿಯಿಂದ ಒಂದು ಪ್ರೊಪೆಲ್ಲರ್ ಶಾಫ್ಟ್ ಎಳೆದು ಹಿಂದಿನ ಚಕ್ರಗಳಿಗೂ ಬಲ ಕೊಡುವುದು ಹೆಚ್ಚಿನ ತೊಡಕಿಲ್ಲದೆ ಸಾಧ್ಯವಾಯಿತು. ಹಿಂದೆ ಕಾಯಿಲ್ ಸ್ಪ್ರಿಂಗುಗಳ ಮೇಲೆ ಕುಳಿತ ಗಟ್ಟಿ ಆಕ್ಸಲ್ ಇದೆ. ಕಂಪ್ಯೂಟರ್ ತೀರ್ಮಾನಿಸಿ ಚಕ್ರಗಳಿಗೆ ಬಲ ಹಂಚುವ ಏರ್ಪಾಡು ಯಾವುದೂ ಇಲ್ಲ. ಗಿಯರ್ ಲಿವರಿನ ಪಕ್ಕದಲ್ಲಿರುವ ಇನ್ನೊಂದು ಲಿವರನ್ನು ಕೈಯಿಂದ ಎಳೆದರೆ ನಾಲ್ಕೂ ಚಕ್ರ, ತಳ್ಳಿದರೆ ಮುಂದಿನ ಎರಡು.

ಹೊರನೋಟಕ್ಕೆ ಇದು ಒಪ್ಪುವವರಿಗೆ ಮಾತ್ರ ಒಪ್ಪುವ ಕಾರು. ಚಾವಣಿ ಎತ್ತರ, ಕಿಟಕಿಗಳು ಬಹಳ ದೊಡ್ಡವು, ಹಿಂಬಾಗಿಲಿನ ಕಪ್ಪು ಪ್ಲಾಸ್ಟಿಕ್ ಹಲಗೆಯ ಮೇಲೆ ನಂಬರ್ ಪ್ಲೇಟು ನಡುವಿನಲ್ಲಿರದೆ ಒಂದು ಬದಿಗೆ ಸರಿದಿದೆ. 1992ರಲ್ಲಿ ಟಾಟಾ ಎಸ್ಟೇಟ್ ಬಂದಾಗ ನಮ್ಮೂರಿನ ರಸ್ತೆಗಳಲ್ಲಿ ಜನ ಅದನ್ನು ಹೇಗೆ ತಿರುಗಿ ನೋಡುತ್ತಿದ್ದರೋ, ಇಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಂತರೆ ಇದನ್ನೂ ಹಾಗೆಯೇ ನೋಡುತ್ತಾರೆ. ಒಳಗೆ ಕುಳಿತರೆ ಆ ಗಾಜುಗಳ ಉಪಯೋಗ ಗೊತ್ತಾಗುತ್ತದೆ. ಇಂದಿನ ಯಾವ ಕಾರಿನಲ್ಲೂ ಹಿಂಬದಿ ಇಷ್ಟು ನಿಚ್ಚಳವಾಗಿ ಕಾಣುವುದಿಲ್ಲ.

ಜಪಾನಿನಿಂದಲೇ ಬಲಗೈ ಸ್ಟಿಯರಿಂಗಿನ ಕ್ಯಾರಿಬ್ ತರಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. 25 ವರ್ಷ ದಾಟಿದ ಕಾರಿಗೆ ಅಮೆರಿಕದ ಕೇಂದ್ರ ಸರ್ಕಾರದ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇರುವುದು ನಿಜ. ಆದರೆ ಕ್ಯಾಲಿಫೋರ್ನಿಯಾಕ್ಕೆ ತನ್ನದೇ ಆದ ಹೊಗೆ ನಿಯಮಗಳಿವೆ, ಹೊರದೇಶದ ಮಾರುಕಟ್ಟೆಗೆಂದು ತಯಾರಾದ ಕಾರನ್ನು ಅವುಗಳಿಗೆ ಹೊಂದಿಸಿ ಪ್ರಯೋಗಾಲಯದಲ್ಲಿ ಪಾಸು ಮಾಡಿಸುವ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಆದ್ದರಿಂದ ಇಲ್ಲಿಯೇ ಮಾರಾಟವಾದ ಟರ್ಸೆಲ್ ಹುಡುಕುವುದೇ ಸರಿಯಾದ ದಾರಿ. ಅದಕ್ಕೂ ಸ್ಮಾಗ್ ಪರೀಕ್ಷೆ, ಅಂದರೆ ಹೊಗೆಯ ತಪಾಸಣೆ, ತಪ್ಪಿದ್ದಲ್ಲ. ಈ ರಾಜ್ಯದಲ್ಲಿ 1975 ಮತ್ತು ಅದಕ್ಕಿಂತ ಹಳೆಯ ಮಾದರಿಗಳಿಗೆ ಮಾತ್ರ ಪೂರ್ತಿ ವಿನಾಯಿತಿ. ಇಲ್ಲಿ ಕೊಳ್ಳುವವರ ಪರವಾಗಿರುವ ಒಂದು ನಿಯಮವೂ ಇದೆ. ಮಾರುವವರು 90 ದಿನಗಳ ಒಳಗಿನ ಸ್ಮಾಗ್ ಪ್ರಮಾಣಪತ್ರವನ್ನು ಒದಗಿಸಬೇಕು. "ಕಾರು ಚೆನ್ನಾಗಿದೆ, ಸ್ಮಾಗ್ ನೀವೇ ಮಾಡಿಸಿಕೊಳ್ಳಿ, ಅದಕ್ಕೇ ಬೆಲೆ ಇಳಿಸಿದ್ದೇನೆ" ಎನ್ನುವವರಿಂದ ಕಾರು ಕೊಳ್ಳಬೇಡಿ. ಸುಲಭವಾಗಿ ಪಾಸಾಗುವ ಕಾರಾಗಿದ್ದರೆ ಅವರೇ ಮಾಡಿಸಿ, ಹೆಚ್ಚು ಬೆಲೆಗೆ ಮಾರುತ್ತಿದ್ದರು.

ತುಕ್ಕಿನ ವಿಚಾರ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಓಡಿದ ಟರ್ಸೆಲ್‌ಗಳು ಬಹುಪಾಲು ಗುಜರಿ ಸೇರಿವೆ. ಕ್ಯಾಲಿಫೋರ್ನಿಯಾದ ಒಳನಾಡಿನ ಸೆಂಟ್ರಲ್ ವ್ಯಾಲಿಯ ಒಣ ಹವೆಯಲ್ಲಿದ್ದ ಕಾರುಗಳ ಲೋಹ ಗಟ್ಟಿಯಾಗಿರುತ್ತದೆ, ಆದರೆ ಬಿಸಿಲಿಗೆ ಡ್ಯಾಶ್‌ಬೋರ್ಡು ಬಿರುಕು ಬಿಟ್ಟಿರುತ್ತದೆ, ಸೀಟಿನ ಬಟ್ಟೆ ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಸಮುದ್ರದಂಚಿನ ಮಂಜಿನ ಊರುಗಳ ಕಾರುಗಳು ಇದಕ್ಕೆ ವಿರುದ್ಧ: ಒಳಗೆ ಸುಂದರ, ಅಂಚುಗಳಲ್ಲಿ ತುಕ್ಕು. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ನಾನು ಬಿಸಿಲಿನ ಕಾರನ್ನೇ ಆರಿಸಿದೆ. ಸೀಟಿಗೆ ಹೊಸ ಬಟ್ಟೆ ಹಾಕಿಸಬಹುದು. ತಳದ ತಗಡು ಹೋದರೆ ವೆಲ್ಡಿಂಗ್ ಮಾಡಿಸಿ ಮುಗಿಯುವುದಿಲ್ಲ. ನೋಡಲು ಹೋದಾಗ ಹಿಂದಿನ ಚಕ್ರಗಳ ಕಮಾನಿನ ಒಳಭಾಗಕ್ಕೆ ಬೆರಳು ಹಾಕಿ ಸವರಿ, ಕಾಲಡಿಯ ಮ್ಯಾಟುಗಳನ್ನು ಎತ್ತಿ, ಮುಂಗಾಜಿನ ರಬ್ಬರಿನ ಕೆಳಗೂ ಹಿಂಬಾಗಿಲಿನ ಕೆಳ ಅಂಚಿಗೂ ಟಾರ್ಚು ಹಿಡಿದು ನೋಡಬೇಕು. ಹೊಸದಾಗಿ ಕಪ್ಪು ಬಣ್ಣ ಬಳಿದ ತಳ ಕಂಡರೆ ಅನುಮಾನಿಸುವುದು ಒಳ್ಳೆಯದು.

ಇನ್ನು ಈ ಕಾರಿನ ನಿಜವಾದ ಕೆಲಸವಿರುವುದು ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರಿನ ಸುತ್ತ. ಎಂಜಿನ್ 1452 ಸಿಸಿಯ 3ಎ-ಸಿ. ನಾಲ್ಕು ಸಿಲಿಂಡರ್, ತಲೆಯ ಮೇಲೆ ಒಂದೇ ಕ್ಯಾಮ್ ಶಾಫ್ಟ್, 62 ಅಶ್ವಶಕ್ತಿ, ಸರಳ, ಗಟ್ಟಿಮುಟ್ಟು. ಆದರೆ ಆ ಕಾಲದ ಹೊಗೆ ನಿಯಮಗಳನ್ನು ಫ್ಯುಯೆಲ್ ಇಂಜೆಕ್ಷನ್ ಇಲ್ಲದೆ ಪಾಲಿಸಬೇಕಾಗಿದ್ದರಿಂದ ಕಾರ್ಬ್ಯುರೇಟರ್, ಹೊರಹೋಗುವ ಹೊಗೆಯ ಒಂದು ಪಾಲನ್ನು ಮರಳಿ ಎಂಜಿನ್ನಿಗೆ ಬಿಡುವ ಇಜಿಆರ್ ವಾಲ್ವು, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಪೆಟ್ರೋಲಿನ ಆವಿಯನ್ನು ಹಿಡಿದಿಡುವ ಚಾರ್ಕೋಲ್ ಡಬ್ಬಿ ಇವುಗಳ ನಡುವೆ ಸಣ್ಣ ರಬ್ಬರ್ ವ್ಯಾಕ್ಯೂಮ್ ಕೊಳವೆಗಳ ಒಂದು ಜಾಲವನ್ನೇ ಹೆಣೆದಿದ್ದಾರೆ. ಯಾವ ಕೊಳವೆ ಎಲ್ಲಿಂದ ಎಲ್ಲಿಗೆ ಎಂಬುದರ ನಕ್ಷೆ ಬಾನೆಟ್ಟಿನ ಕೆಳಗಿನ ಸ್ಟಿಕ್ಕರಿನಲ್ಲಿದೆ. ಆ ಸ್ಟಿಕ್ಕರು ಓದುವಂತಿದ್ದರೆ ಅದರ ಫೋಟೊವನ್ನು ಮೊದಲ ದಿನವೇ ತೆಗೆದಿಟ್ಟುಕೊಳ್ಳಿ.

ನಲವತ್ತು ವರ್ಷಗಳ ಬಿಸಿಗೆ ಈ ಕೊಳವೆಗಳು ಗಟ್ಟಿಯಾಗಿ, ತುದಿಗಳಲ್ಲಿ ಕೂದಲಿನಂಥ ಬಿರುಕು ಬಿಡುತ್ತವೆ. ಬಿರುಕಿನಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಸೇರಿದಾಗ ಪೆಟ್ರೋಲಿನ ಪಾಲು ಕಡಿಮೆಯಾಗಿ ಎಂಜಿನ್ ಐಡಲಿನಲ್ಲಿ, ಅಂದರೆ ಕಾರು ನಿಂತಿದ್ದು ಎಂಜಿನ್ ಮಾತ್ರ ಓಡುವಾಗ, ನಡುಗುತ್ತದೆ, ಒಮ್ಮೊಮ್ಮೆ ಕಿಡಿ ತಾಗಿದರೂ ಪೆಟ್ರೋಲು ಉರಿಯದೆ ಹಾಗೆಯೇ ಹೊರಹೋಗುತ್ತದೆ. ಇದನ್ನು ನೋಡಿ ಕಾರ್ಬ್ಯುರೇಟರೇ ಕೆಟ್ಟಿದೆ ಎಂದು ಬಿಚ್ಚಲು ಹೊರಡುವ ಮೆಕ್ಯಾನಿಕ್‌ಗಳಿದ್ದಾರೆ. ಬಿಚ್ಚುವ ಮೊದಲು ಸ್ಮೋಕ್ ಯಂತ್ರ ಹಚ್ಚಿಸಿ: ಎಂಜಿನ್ ಗಾಳಿ ಎಳೆದುಕೊಳ್ಳುವ ಇಂಟೇಕಿನೊಳಕ್ಕೆ ಹೊಗೆ ತುಂಬಿಸಿದಾಗ ಎಲ್ಲಿ ಬಿರುಕಿದೆಯೋ ಅಲ್ಲಿಂದ ಎಳೆಯಾಗಿ ಹೊಗೆ ಏಳುತ್ತದೆ. ನನ್ನ ಕಾರಿನಲ್ಲಿ ಅದು ಎದ್ದದ್ದು ಕೈಗೂ ಕಣ್ಣಿಗೂ ಎಟುಕದ, ಏರ್ ಕ್ಲೀನರಿನ ತಟ್ಟೆಯ ಅಡಿಯ ಒಂದು ಗೇಣುದ್ದದ ಕೊಳವೆಯಿಂದ. ಎಲ್ಲ ಕೊಳವೆಗಳನ್ನು ಬದಲಾಯಿಸಲು ಬೇಕಾದ ರಬ್ಬರು ಮೀಟರ್ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಂದನ್ನು ತೆಗೆದು, ಅದೇ ಅಳತೆಗೆ ಕತ್ತರಿಸಿದ ಹೊಸದನ್ನು ಹಾಕಿ, ನಂತರವೇ ಮುಂದಿನದಕ್ಕೆ ಕೈ ಹಾಕಬೇಕು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ನಕ್ಷೆಯಿದ್ದರೂ ಗೊಂದಲ ತಪ್ಪದು. ಇದು ಮುಗಿದ ಸಂಜೆ ಎಂಜಿನ್ ಐಡಲಿನಲ್ಲಿ ನಿಂತ ಸ್ಥಿರತೆಯನ್ನು ಕಂಡು ನನಗಾದ ಸಂತೋಷ, ಈ ಕಾರಿನ ಮೇಲೆ ಮಾಡಿದ ಬೇರಾವ ಕೆಲಸದಿಂದಲೂ ಆಗಿಲ್ಲ.

ಸ್ಮಾಗ್ ಪರೀಕ್ಷೆಯ ಚೀಟಿಯನ್ನು ಓದಲು ಕಲಿತರೆ ರಿಪೇರಿಯ ಅರ್ಧ ದಾರಿ ತಾನಾಗಿ ಕಾಣುತ್ತದೆ. ಬೇ ಏರಿಯಾದಲ್ಲಿ ಈ ವಯಸ್ಸಿನ ಕಾರನ್ನು ರೋಲರುಗಳ ಮೇಲೆ ಗಂಟೆಗೆ 15 ಮತ್ತು 25 ಮೈಲಿ ವೇಗದಲ್ಲಿ ಓಡಿಸಿ ಹೊಗೆ ಅಳೆಯುತ್ತಾರೆ. ಹೈಡ್ರೋಕಾರ್ಬನ್ ಹೆಚ್ಚಿದ್ದರೆ ಪೆಟ್ರೋಲು ಉರಿಯದೆ ಹೋಗುತ್ತಿದೆ: ಪ್ಲಗ್ಗು, ವಾಲ್ವಿನ ಸಂದು, ವ್ಯಾಕ್ಯೂಮ್ ಸೋರಿಕೆ ನೋಡಬೇಕು. ಕಾರ್ಬನ್ ಮೊನಾಕ್ಸೈಡ್ ಹೆಚ್ಚಿದ್ದರೆ ಪೆಟ್ರೋಲಿನ ಪಾಲು ಅತಿಯಾಗಿದೆ. ನೈಟ್ರೋಜನ್ ಆಕ್ಸೈಡ್ ಹೆಚ್ಚಿದ್ದರೆ ಸಿಲಿಂಡರಿನೊಳಗೆ ಬಿಸಿ ಹೆಚ್ಚಾಗುತ್ತಿದೆ. ಬಹಳ ಸಲ ಮಸಿ ಕಟ್ಟಿ ಮುಚ್ಚಿಹೋದ ಇಜಿಆರ್ ದಾರಿಯೇ ಅದಕ್ಕೆ ಕಾರಣ. ಹೊಗೆ ಅಳೆಯುವುದರ ಜೊತೆಗೆ ಎಲ್ಲ ಭಾಗಗಳೂ ಇವೆಯೇ ಎಂದು ಕಣ್ಣಿನಿಂದಲೂ ಪರಿಶೀಲಿಸುತ್ತಾರೆ. ಹೊಸ ಬಗೆಯ ಕಾರ್ಬ್ಯುರೇಟರ್ ಹಾಕಿ ಹಳೆಯ ಕೊಳವೆಗಳನ್ನೆಲ್ಲ ಕಿತ್ತೆಸೆದ ಟರ್ಸೆಲ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ಓಡಲು ಚೆನ್ನಾಗಿಯೂ ಇವೆ. ಆದರೆ ಆ ಕಾರ್ಬ್ಯುರೇಟರಿಗೆ ರಾಜ್ಯದ ವಾಯು ಮಂಡಳಿಯ ಅನುಮತಿ ಸಂಖ್ಯೆ ಇಲ್ಲದಿದ್ದರೆ ಹೊಗೆ ಎಷ್ಟೇ ಶುದ್ಧವಿದ್ದರೂ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಮೂಲ ಭಾಗಗಳೆಲ್ಲ ಇರಬೇಕು ಎಂದು ಮೊದಲೇ ಒತ್ತಿ ಹೇಳಿದ್ದು ಇದಕ್ಕಾಗಿ.

ಉಳಿದ ಎಂಜಿನ್ ಕೆಲಸ ಸುಲಭ. ವಾಲ್ವಿನ ಸಂದನ್ನು ಎಂಜಿನ್ ಬಿಸಿಯಿದ್ದಾಗ ಇಂಟೇಕಿಗೆ 0.20, ಎಕ್ಸಾಸ್ಟಿಗೆ 0.30 ಮಿಲಿಮೀಟರಿಗೆ ಹೊಂದಿಸಬೇಕು. ಸ್ಪ್ಯಾನರು, ಸ್ಕ್ರೂಡ್ರೈವರು, ಫೀಲರ್ ಗೇಜು ಸಾಕು. ಟೈಮಿಂಗ್ ಬೆಲ್ಟಿನ ದಾಖಲೆ ಇಲ್ಲದಿದ್ದರೆ ಕೊಂಡ ಕೂಡಲೇ ಬದಲಾಯಿಸಿ, ಜೊತೆಯಲ್ಲೇ ವಾಟರ್ ಪಂಪು ಮತ್ತು ಮುಂದಿನ ಆಯಿಲ್ ಸೀಲನ್ನೂ ಮುಗಿಸಿಬಿಡಿ. ಎಂಜಿನ್ ಉದ್ದಕ್ಕೆ ಕುಳಿತಿರುವುದರಿಂದ ಮುಂಭಾಗದಲ್ಲಿ ಕೈಯಾಡಿಸಲು ಜಾಗವಿದೆ.

ಫೋರ್ ವೀಲ್ ಡ್ರೈವ್ ಬಗ್ಗೆ ತಿಳಿದಿರಲೇಬೇಕಾದ ಸಂಗತಿಯೆಂದರೆ, ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಮಣ್ಣು, ಮರಳು, ಹಿಮದ ಮೇಲಾದರೆ ಟೈರು ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಹಾಗೆ ಜಾರಲಾಗದೆ ಗಿಯರುಗಳು ಬಿಗಿದುಕೊಳ್ಳುತ್ತವೆ, ಲಿವರ್ ಮತ್ತೆ ಎರಡು ಚಕ್ರಗಳ ಸ್ಥಾನಕ್ಕೆ ಮರಳುವುದಿಲ್ಲ. ಹಾಗಾದರೆ ಬಲಪ್ರಯೋಗ ಮಾಡದೆ, ನೇರವಾಗಿ ಸ್ವಲ್ಪ ದೂರ ರಿವರ್ಸ್ ಹೋದರೆ ಬಿಗಿತ ಸಡಿಲುತ್ತದೆ. ಇದೇ ಕಾರಣಕ್ಕೆ ನಾಲ್ಕೂ ಟೈರುಗಳು ಒಂದೇ ಅಳತೆಯವು, ಒಂದೇ ಮಟ್ಟಿಗೆ ಸವೆದವು ಆಗಿರಬೇಕು. ಮ್ಯಾನುಯಲ್ ಗಿಯರಿನ ಮಾದರಿಯಲ್ಲಿ ಐದು ಗಿಯರುಗಳ ಜೊತೆಗೆ, ಮೊದಲನೆಯದಕ್ಕಿಂತ ಕೆಳಗೆ 'ಎಕ್ಸ್‌ಟ್ರಾ ಲೋ' ಎಂಬ ಇನ್ನೊಂದು ಗಿಯರ್ ಇದೆ. ನಾಲ್ಕೂ ಚಕ್ರ ತೊಡಗಿದ್ದಾಗ ಮಾತ್ರ ಅದು ಬೀಳುತ್ತದೆ. ಕಡಿದಾದ ಕಲ್ಲುಹಾದಿಯಲ್ಲಿ ಆಕ್ಸಿಲರೇಟರ್ ಮುಟ್ಟದೆ ನಡಿಗೆಯ ವೇಗದಲ್ಲಿ ಏರುವ ಈ ಕಾರನ್ನು ನೋಡಿದರೆ 62 ಅಶ್ವಶಕ್ತಿ ಕಡಿಮೆಯೆಂದು ಅನ್ನಿಸದು.

ಹೆದ್ದಾರಿಯಲ್ಲಿ ಮಾತ್ರ ಅನ್ನಿಸುತ್ತದೆ. ಸುನೋಲ್ ಏರಿನಲ್ಲಿ ನಾಲ್ಕನೆಯ ಗಿಯರು, ಸಿಯೆರಾ ಪರ್ವತಗಳಿಗೆ ಹತ್ತುವ ಇಂಟರ್‌ಸ್ಟೇಟ್ 80ರಲ್ಲಿ ಮೂರನೆಯದು ಬೇಕಾಗುತ್ತದೆ. ಬಲಗಡೆಯ ಲೇನಿನಲ್ಲಿ ಟ್ರಕ್ಕುಗಳ ಜೊತೆ ಹೋಗುವ ತಾಳ್ಮೆ ಇರಬೇಕು. ಆದರೆ 7,200 ಅಡಿಗೂ ಎತ್ತರದ ಡಾನರ್ ಸಮ್ಮಿಟ್‌ನಲ್ಲಿ ಹಿಮ ಬಿದ್ದು ಟೈರಿಗೆ ಚೈನ್ ಕಟ್ಟುವುದು ಕಡ್ಡಾಯವೆಂಬ ಆರ್-2 ಫಲಕ ಹಾಕಿದ ಮೇಲೆ ಈ ಕಾರಿನ ಬೆಲೆ ತಿಳಿಯುತ್ತದೆ. ನಾಲ್ಕೂ ಚಕ್ರಗಳಿಗೆ ಹಿಮದ ಟೈರಿರುವ ಫೋರ್ ವೀಲ್ ಡ್ರೈವ್ ವಾಹನ ಚೈನ್ ಕಟ್ಟದೆ ಮುಂದೆ ಹೋಗಬಹುದು. ಚೈನು ಡಿಕ್ಕಿಯಲ್ಲಿ ಇರಲೇಬೇಕು. ಒಂದೇ ತೊಂದರೆಯೆಂದರೆ 13 ಇಂಚಿನ ಹಿಮದ ಟೈರುಗಳು ಈಗ ಅಂಗಡಿಗಳಲ್ಲಿ ಅಪರೂಪ. ಬೇಸಿಗೆಯಲ್ಲೇ ಹುಡುಕಿ ಇಟ್ಟುಕೊಳ್ಳಬೇಕು.

ಫಿಲ್ಟರು, ಪ್ಲಗ್ಗು, ಬೆಲ್ಟು, ಬ್ರೇಕಿನ ಭಾಗಗಳು ಇಂದಿಗೂ ಸಾಮಾನ್ಯ ಅಂಗಡಿಗಳಲ್ಲಿ ಸಿಗುತ್ತವೆ. ಹಿಂಬಾಗಿಲಿನ ಪ್ಲಾಸ್ಟಿಕ್, ಟೇಲ್ ಲ್ಯಾಂಪಿನ ಗಾಜು, ಬಾಗಿಲಿನ ರಬ್ಬರ್ ಬೀಡಿಂಗು ಇವು ಹೊಸದಾಗಿ ಸಿಗುವುದಿಲ್ಲ. ಗುಜರಿಯಲ್ಲಿ ಇನ್ನೊಂದು ಟರ್ಸೆಲ್ ಕಾಣಿಸಿಕೊಂಡ ದಿನವೇ ಹೋಗಿ ಬಿಚ್ಚಿ ತರಬೇಕು. ಹಾಗಾಗಿ, ಎಂಜಿನ್ ಓಡದಿದ್ದರೂ ಒಳ-ಹೊರ ಭಾಗಗಳೆಲ್ಲ ಇರುವ ಕಾರು, ಚೆನ್ನಾಗಿ ಓಡುವ ಆದರೆ ಅರ್ಧ ಭಾಗಗಳಿಲ್ಲದ ಕಾರಿಗಿಂತ ಮೇಲು.

ಇದರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ. ಮಕ್ಕಳನ್ನು ಶಾಲೆಗೆ ಬಿಡುವ ದಿನನಿತ್ಯದ ಕಾರಾಗಿ ಇದನ್ನು ಬಳಸಬೇಡಿ ಎಂದೇ ಹೇಳುತ್ತೇನೆ. ಮನೆಯಲ್ಲಿ ಇನ್ನೊಂದು ಕಾರಿರಬೇಕು, ಕೆಲಸ ಮಾಡಲು ನೆರಳಿರುವ ಜಾಗವಿರಬೇಕು. ಮುಂದೊಂದು ದಿನ ಊರಿಗೆ ಒಯ್ಯಬಹುದು ಎಂಬ ಯೋಚನೆಯನ್ನೂ ಇಟ್ಟುಕೊಳ್ಳಬೇಡಿ: ಭಾರತಕ್ಕೆ ತರುವ ಬಳಸಿದ ಕಾರು ಸಾಮಾನ್ಯವಾಗಿ ಬಲಗೈ ಸ್ಟಿಯರಿಂಗಿನದೂ ಮೂರು ವರ್ಷಕ್ಕಿಂತ ಹಳೆಯದಲ್ಲದ್ದೂ ಆಗಿರಬೇಕೆಂಬ ನಿಯಮವಿದೆ. ವಿಮೆಯನ್ನು, ಕಾರಿನ ಮೌಲ್ಯವನ್ನು ಮೊದಲೇ ಒಪ್ಪಿ ಬರೆದುಕೊಡುವ ಹಳೆಯ ಕಾರುಗಳ ಪಾಲಿಸಿಯ ಮೂಲಕ ಮಾಡಿಸಿ. ಸಾಮಾನ್ಯ ಪಾಲಿಸಿಯಲ್ಲಿ ಸಣ್ಣ ಡಿಕ್ಕಿಯಾದರೂ ರಿಪೇರಿಯ ಖರ್ಚು ಕಾರಿನ ಬೆಲೆಗಿಂತ ಹೆಚ್ಚೆಂದು ಲೆಕ್ಕ ಹಾಕಿ ಕಾರನ್ನೇ ಗುಜರಿಗೆ ಬರೆದುಬಿಡುತ್ತಾರೆ, ಮತ್ತು ಇನ್ನೊಂದು ಒಳ್ಳೆಯ ಟರ್ಸೆಲ್ ಸಿಗುವುದು ಸುಲಭವಲ್ಲ.