ಕ್ರಿಸ್‌ಮಸ್ ಬೊಂಬೆಕೋಣೆಯ ಕಿಟ್: ಮರಗೆಲಸ ಅಚ್ಚುಕಟ್ಟು, ಅಳತೆ ಅಡ್ಡಾದಿಡ್ಡಿ

ಮುಂಭಾಗ ತೆರೆದಿರುವ ಒಂದೇ ಕೋಣೆ. ಅದರೊಳಗೆ ಅಗ್ಗಿಷ್ಟಿಕೆ, ಒರಗುಕುರ್ಚಿ, ಕಿಟಕಿ, ಸಿಂಗರಿಸಬೇಕಾದ ಕ್ರಿಸ್‌ಮಸ್ ಮರ, ಉಡುಗೊರೆಯ ಪೊಟ್ಟಣಗಳು, ದೀಪದ ಸರ, ಕಿಟಕಿಯಾಚೆ ಉದುರಿಸಲು ಹಿಮದ ಪುಡಿ. ಇಷ್ಟನ್ನೂ ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿಟ್ಟು ಕೊಡುವ ಕಿಟ್ ಒಂದನ್ನು ಕಟ್ಟಿ ಮುಗಿಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪೆಟ್ಟಿಗೆಯ ಮೇಲೆ 1:12 ಎಂದು ದೊಡ್ಡದಾಗಿ ಅಚ್ಚು ಹಾಕಿದ್ದಾರೆ. ನನ್ನ ಮುಖ್ಯ ತಕರಾರು ಇರುವುದು ಆ ಅಂಕಿಯ ಮೇಲೆಯೇ.

1:12 ಎಂದರೆ ನಿಜವಾದ ಒಂದು ಅಡಿ ಬೊಂಬೆಮನೆಯಲ್ಲಿ ಒಂದು ಅಂಗುಲವಾಗುತ್ತದೆ. ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್ ವಿನ್ಯಾಸಗೊಳಿಸಿದ, 1924ರಲ್ಲಿ ಪೂರ್ಣಗೊಂಡು ಇಂದಿಗೂ ಇಂಗ್ಲೆಂಡಿನ ವಿಂಡ್ಸರ್ ಕೋಟೆಯಲ್ಲಿರುವ ರಾಣಿ ಮೇರಿಯ ಬೊಂಬೆಮನೆ ಇದೇ ಪ್ರಮಾಣದ್ದು. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬ ಕಲಾ ಸಂಗ್ರಹಾಲಯದಲ್ಲಿರುವ, ಥಾರ್ನ್ ಕೋಣೆಗಳೆಂದು ಹೆಸರಾದ 68 ಪುಟಾಣಿ ಕೋಣೆಗಳಲ್ಲಿ ಹೆಚ್ಚಿನವೂ ಇದೇ ಪ್ರಮಾಣದವು. ಅವುಗಳಲ್ಲಿ ಕೆಲವನ್ನು ಕ್ರಿಸ್‌ಮಸ್ ಹೊತ್ತಿಗೆ ಆಯಾ ಕೋಣೆಯ ಕಾಲದೇಶಗಳಿಗೆ ತಕ್ಕಂತೆ ಸಿಂಗರಿಸುವ ರೂಢಿಯಿದೆ. ಒಂದೊಂದು ವಸ್ತು ಎಷ್ಟು ನಾಜೂಕಾಗಿದೆ ಎಂಬುದಕ್ಕಿಂತ, ಪಕ್ಕದ ವಸ್ತುವಿನೊಂದಿಗೆ ಅದರ ಅಳತೆ ಹೊಂದುತ್ತದೆಯೇ ಎಂಬುದನ್ನು ನೋಡುವವರ ಕಣ್ಣು ಮೊದಲು ಹಿಡಿಯುತ್ತದೆ.

ಕೋಣೆಯ ಮರಗೆಲಸದಲ್ಲಿ ಹೆಸರಿಡುವಂಥದ್ದೇನೂ ಇಲ್ಲ. ಲೇಸರ್‌ನಿಂದ ಕತ್ತರಿಸಿದ 3 ಮಿಲಿಮೀಟರ್ ಪ್ಲೈವುಡ್ ಹಲಗೆಗಳ ಚಾಚು ಮತ್ತು ತೂತುಗಳು ಬಿಗಿಯಾಗಿ ಕೂಡಿಕೊಳ್ಳುತ್ತವೆ. ಅಂಟಿಲ್ಲದೆಯೂ ಗೋಡೆಗಳು ನೆಟ್ಟಗೆ ನಿಲ್ಲುತ್ತವೆ. ಅಂಚುಗಳಲ್ಲಿ ಉಳಿದಿರುವ ಸುಟ್ಟ ಕಪ್ಪನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ ತೆಗೆಯದಿದ್ದರೆ ಅದು ತಿಳಿಬಣ್ಣದ ಅಡಿಯಿಂದ ಇಣುಕುತ್ತದೆ ಎಂಬುದನ್ನು ಕೈಪಿಡಿ ಹೇಳುವುದಿಲ್ಲ. ಗೋಡೆ ನಿಲ್ಲಿಸಿದ ಮೇಲೆ ಗೋಡೆಕಾಗದ ಅಂಟಿಸಿ ಎಂಬ ಅದರ ಸೂಚನೆಯಂತೂ ಸರಿಯಲ್ಲ. ಹಲಗೆ ಮೇಜಿನ ಮೇಲೆ ಮಲಗಿರುವಾಗಲೇ ಕಾಗದ ಅಂಟಿಸಿ, ಮಧ್ಯದಿಂದ ಅಂಚಿನತ್ತ ಒರೆಸಿ ಗುಳ್ಳೆ ತೆಗೆಯುವುದು ಎಷ್ಟೋ ಸುಲಭ.

ಅಳತೆ ಹದಗೆಡುವುದು ಅಲಂಕಾರಕ್ಕೆ ಬಂದಾಗ. ಆರೂವರೆ ಅಂಗುಲದ ಮರ ಸರಿಯಾಗಿದೆ. ನಿಜದಲ್ಲಿ ಅದು ಆರೂವರೆ ಅಡಿಯ ಮರ. ಆದರೆ ಅದಕ್ಕೆ ತೂಗುಹಾಕಲು ಕೊಟ್ಟಿರುವ ಗುಂಡುಗಳ ಅಡ್ಡಳತೆ 12 ಮಿಲಿಮೀಟರ್, ಅಂದರೆ ನಿಜದಲ್ಲಿ 14 ಸೆಂಟಿಮೀಟರ್‌ಗೂ ಹೆಚ್ಚು. ಕೊಂಬೆಗಳಿಗೆ ತೆಂಗಿನಕಾಯಿ ಕಟ್ಟಿದಂತೆ ಕಾಣುತ್ತದೆ. 6 ಸೆಂಟಿಮೀಟರ್‌ನ ಸಾಮಾನ್ಯ ಗುಂಡು ಈ ಪ್ರಮಾಣದಲ್ಲಿ 5 ಮಿಲಿಮೀಟರ್ ಆಗಬೇಕು. ಆ ಗಾತ್ರದ ಮಣಿಗಳನ್ನು ಬೇರೆಯಾಗಿ ತಂದು, ನಡುನಡುವೆ 2 ಮಿಲಿಮೀಟರ್ ಮಣಿಗಳನ್ನು ಪೋಣಿಸಿದಾಗ ಮರಕ್ಕೆ ಮರದ ಎತ್ತರ ಬಂತು. ಪೊಟ್ಟಣಗಳಿಗೆ ಕೊಟ್ಟ 6 ಮಿಲಿಮೀಟರ್ ರಿಬ್ಬನ್ನೂ ಅಷ್ಟೇ ಅತಿ; ಕಸೂತಿ ದಾರದ ಒಂದೇ ಎಳೆ ಸಾಕು. ಕುರ್ಚಿ ಇದಕ್ಕೆ ತದ್ವಿರುದ್ಧ: ಒಂದೂವರೆ ಅಂಗುಲ ಎತ್ತರದಲ್ಲಿರಬೇಕಾದ ಆಸನ ಒಂದೇ ಅಂಗುಲದಲ್ಲಿದೆ, ಹಾಗಾಗಿ ಅಗ್ಗಿಷ್ಟಿಕೆಯ ಎದುರು ಅದು ಮಕ್ಕಳ ಕುರ್ಚಿಯಂತೆ ಕೂತಿದೆ. ಅಗ್ಗಿಷ್ಟಿಕೆಯ ಮೇಲಿಡುವ, ಯೇಸುವಿನ ಜನನದ ದೃಶ್ಯ ತೋರಿಸುವ ಪುಟಾಣಿ ಗೋದಲಿಗೆ ಮಾತ್ರ ಈ ಆಕ್ಷೇಪ ತಟ್ಟುವುದಿಲ್ಲ, ಏಕೆಂದರೆ ಆ ಕೋಣೆಯೊಳಗೂ ಅದು ಬೊಂಬೆಯೇ. ಅದರ ಗಾತ್ರ ಎಷ್ಟಿದ್ದರೂ ನಡೆಯುತ್ತದೆ.

ಕಿಟಕಿಯ ಅಕ್ರಿಲಿಕ್ ಹಾಳೆಯನ್ನು ಕೂರಿಸಲು ಕೊಟ್ಟಿರುವ ಸೂಪರ್ ಗ್ಲೂ ಬಳಸದಿರುವುದು ಮೇಲು. ಅದರ ಆವಿ ಹಾಳೆಯ ಮೇಲೆ ಬಿಳಿ ಮಬ್ಬಾಗಿ ಕೂರುತ್ತದೆ. ಹಿಮ ಕವಿದ ಕಿಟಕಿ ಬೇಕೆನ್ನುವವರಿಗೆ ಅದೇ ವರವಾದೀತು! ಒಣಗಿದಾಗ ಪಾರದರ್ಶಕವಾಗುವ ಬಿಳಿ ಅಂಟು ಇಲ್ಲಿಗೆ ಸಾಕು. ಹಿಮದ ಪುಡಿ ಬೇರೇನೂ ಅಲ್ಲ, ಅಡುಗೆ ಸೋಡಾ: ಚಿಟಿಕೆಯಷ್ಟನ್ನು ನೀರಿಗೆ ಹಾಕಿದರೆ ಕರಗುತ್ತದೆ, ವಿನಿಗರ್ ತಾಗಿದರೆ ನೊರೆಯುಕ್ಕುತ್ತದೆ. ಅಂಟಿನೊಂದಿಗೆ ಬೆರೆತ ಸೋಡಾ ಕಾಲಕ್ರಮದಲ್ಲಿ ಹಳದಿಗೆ ತಿರುಗುವುದರಿಂದ ಅದರ ಬದಲು ನುಣುಪಾದ ಅಮೃತಶಿಲೆಯ ಪುಡಿ ಬಳಸುವುದು ಒಳ್ಳೆಯದು.

ದೀಪಗಳ ವಿಷಯದಲ್ಲಿ ಮಾತ್ರ ತಯಾರಕರಿಗೆ ಪೂರ್ಣ ಅಂಕ ಕೊಡಬಹುದಿತ್ತು. ಕೂದಲೆಳೆಯಂಥ ತಾಮ್ರದ ತಂತಿಗೆ ಹಚ್ಚಿದ ಬೆಚ್ಚನೆಯ ಬಿಳಿ ಎಲ್‌ಇಡಿಗಳು ಮರದ ಕೊಂಬೆಗಳೊಳಗೆ ಮರೆಯಾಗಿ ಬೆಳಕನ್ನಷ್ಟೇ ತೋರಿಸುತ್ತವೆ. ಅಗ್ಗಿಷ್ಟಿಕೆಯೊಳಗಿನ ಮಿನುಗುದೀಪದ ಮುಂದೆ ಕಿತ್ತಳೆ ಬಣ್ಣದ ತೆಳುಕಾಗದವನ್ನು ಸುಕ್ಕುಗಟ್ಟಿಸಿ ಇಟ್ಟರೆ ಕೆಂಡದ ಹೊಳಪು ಬರುತ್ತದೆ. ಆದರೆ ಸರಕ್ಕೆ ವಿದ್ಯುತ್ ಕೊಡುವುದು 3 ವೋಲ್ಟಿನ ಸಿಆರ್2032 ನಾಣ್ಯ ಬ್ಯಾಟರಿ. ಅದರ ಸಾಮರ್ಥ್ಯ ಸುಮಾರು 220 ಮಿಲಿಆಂಪ್-ಗಂಟೆ. ಸರ 20 ಮಿಲಿಆಂಪ್ ಎಳೆದರೂ ಲೆಕ್ಕಕ್ಕೆ ಹನ್ನೊಂದು ಗಂಟೆ ಮಾತ್ರ, ಅದಕ್ಕೂ ಮುಂಚೆಯೇ ಬೆಳಕು ಮಂಕಾಗುತ್ತದೆ. ಹೀಗಿರುವಾಗ ಬ್ಯಾಟರಿಯ ಗೂಡನ್ನು ನೆಲಹಲಗೆಯ ಅಡಿ ಅಂಟಿಸಿ ಮುಚ್ಚಿಬಿಡಿ ಎಂದು ಕೈಪಿಡಿ ಹೇಳುವುದು ವಿಚಿತ್ರ. ಎರಡು ಎಎ ಬ್ಯಾಟರಿಗಳೂ ಸೇರಿ ಅದೇ 3 ವೋಲ್ಟ್ ಕೊಡುತ್ತವೆ, ಹಲವು ಪಟ್ಟು ಹೆಚ್ಚು ಬಾಳುತ್ತವೆ. ಅವುಗಳ ಗೂಡನ್ನು ಹಿಂಗೋಡೆಯ ಆಚೆಗಿಟ್ಟರೆ ಬದಲಾಯಿಸುವುದೂ ಸಲೀಸು.

ಇದಕ್ಕಿಂತ ಗಂಭೀರವಾದ ಕೊರತೆಯೊಂದಿದೆ. ನಾಣ್ಯ ಬ್ಯಾಟರಿಯ ಗೂಡಿಗೆ ತಿರುಪು ಹಾಕಿ ಬಿಗಿಯುವ ಮುಚ್ಚಳವೇ ಇಲ್ಲ. ಅಂಥ ಬ್ಯಾಟರಿಯನ್ನು ಮಗು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಟ್ಟು ಗಾಯವಾಗಬಹುದು. ಚಿಕ್ಕ ಮಕ್ಕಳಿರುವ ಮನೆಗೆ ಈ ಕಿಟ್ಟನ್ನು ಇದ್ದ ಹಾಗೆಯೇ ಉಡುಗೊರೆ ಕೊಡಬಾರದು. ಕೊಡುವುದೇ ಆದರೆ ನಾಣ್ಯ ಬ್ಯಾಟರಿ ಮತ್ತು ಅದರ ಗೂಡನ್ನು ಮೊದಲೇ ತೆಗೆದಿಟ್ಟು, ತಿರುಪಿನ ಮುಚ್ಚಳವಿರುವ ಎಎ ಗೂಡನ್ನು ಜೋಡಿಸಿ ಕೊಡಬೇಕು.