ಕೆಚ್ಚಲು ಬಾವು: ಕ್ಲಾಕ್ಸಾಸಿಲಿನ್ ಸರಿಯೋ, ನೈಸಿನ್ ಸರಿಯೋ?

ಕ್ಲಾಕ್ಸಾಸಿಲಿನ್ ಪೆನಿಸಿಲಿನ್ ಬಳಗದ ಆಂಟಿಬಯಾಟಿಕ್, ನೈಸಿನ್ ಒಂದು ಬ್ಯಾಕ್ಟೀರಿಯಾ ತಯಾರಿಸುವ ರೋಗಾಣುನಾಶಕ. ಮೊದಲು ಹಾಲಿನ ಕಲ್ಚರ್ (ಯಾವ ರೋಗಾಣು ಇದೆ, ಯಾವ ಮದ್ದಿಗೆ ಬಗ್ಗುತ್ತದೆ ಎಂಬ ಪರೀಕ್ಷೆ) ಮಾಡಿಸಿ. ಈ ಎರಡೂ ಮದ್ದು ಸ್ಟೆಫೈಲೊಕಾಕಸ್, ಸ್ಟ್ರೆಪ್ಟೊಕಾಕಸ್‌ನಂಥ ಗ್ರಾಂ-ಪಾಸಿಟಿವ್ (ಹೊರಪೊರೆ ಇಲ್ಲದ) ರೋಗಾಣುಗಳಿಗೆ ಮಾತ್ರ. ಇ. ಕೋಲೈ ಇದ್ದರೆ ಅದರ ಹೊರಪೊರೆ ಎರಡನ್ನೂ ತಡೆಯುತ್ತದೆ, ದುಡ್ಡು ದಂಡ.

ಕ್ಲಾಕ್ಸಾಸಿಲಿನ್ ಕೋಶಗೋಡೆ ಕಟ್ಟುವ ಕಿಣ್ವಕ್ಕೆ ಅಂಟಿಕೊಳ್ಳುತ್ತದೆ. ಎಂಆರ್‌ಎಸ್‌ಎ (ಪೆನಿಸಿಲಿನ್ ಬಳಗಕ್ಕೆ ಬಗ್ಗದ ಸ್ಟೆಫೈಲೊಕಾಕಸ್) ತಳಿಗಳ ಬಳಿ ಬೇರೆ ಕಿಣ್ವವಿರುವುದರಿಂದ ಅಲ್ಲಿ ಅದರ ಆಟ ನಡೆಯದು. ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ತಯಾರಿಸುವ ನೈಸಿನ್ 34 ಅಮೈನೊ ಆಮ್ಲಗಳ ಪೆಪ್ಟೈಡ್ (ಪುಟ್ಟ ಪ್ರೋಟೀನ್). ಗೋಡೆಯ ಕಚ್ಚಾವಸ್ತುವಾದ ಲಿಪಿಡ್-2 ಅನ್ನೇ ಹಿಡಿದು ಪೊರೆಯಲ್ಲಿ ರಂಧ್ರ ಕೊರೆಯುತ್ತದೆ. ಹಾಗಾಗಿ ಎಂಆರ್‌ಎಸ್‌ಎಯನ್ನೂ ಕೊಲ್ಲಬಲ್ಲದು. ಪ್ರತಿರೋಧ ಬರುವುದೇ ಇಲ್ಲ ಎಂಬ ಪ್ರಚಾರವನ್ನು ಮಾತ್ರ ನಂಬಬೇಡಿ. ಬಾವು ತರುವ ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆಯ ಕೆಲವು ತಳಿಗಳು ನೈಸಿನ್ ಕತ್ತರಿಸುವ ಕಿಣ್ವವನ್ನೇ ಇಟ್ಟುಕೊಂಡಿವೆ.

ನೈಸಿನ್ ಕೆಡದೆ ನಿಲ್ಲುವುದು ತೀರಾ ಹುಳಿಯಾದ ಪಿಎಚ್ 2–3ರಲ್ಲಿ. ಹಾಲಿನ ಪಿಎಚ್ ಸುಮಾರು 6.6, ಅಲ್ಲಿ ಕರಗುವುದೂ ಕಡಿಮೆ, ಕೊಬ್ಬಿಗೂ ಅಂಟುತ್ತದೆ. ಮಾರುಕಟ್ಟೆಯ ಪುಡಿಯಲ್ಲಿ ಶುದ್ಧ ನೈಸಿನ್ ಸಾಮಾನ್ಯವಾಗಿ ಶೇ. 2.5, ಉಳಿದದ್ದು ಬಹುಪಾಲು ಉಪ್ಪು. ಪ್ರಯೋಗಾಲಯದಲ್ಲಿ ಇದನ್ನು ಮರೆತು ತೂಗಿದರೆ ಡೋಸ್ 40ರಲ್ಲಿ ಒಂದು ಪಾಲಾಗುತ್ತದೆ. ಈ ಆಹಾರದರ್ಜೆಯ ಪುಡಿಯನ್ನು ಕೆಚ್ಚಲಿಗೆ ಏರಿಸಲೇಬೇಡಿ, ಅದು ಕ್ರಿಮಿಶುದ್ಧವಲ್ಲ.

ಬಾವು ಈಗಾಗಲೇ ಇದ್ದರೆ, ಕಲ್ಚರ್ ಒಪ್ಪಿದರೆ, ಪಶುವೈದ್ಯರು ಹೇಳಿದಂತೆ ಕ್ಲಾಕ್ಸಾಸಿಲಿನ್ ಟ್ಯೂಬೇ ನಮ್ಮ ಆಯ್ಕೆ. ತೊಟ್ಟಿನ ತುದಿಯನ್ನು ಸ್ಪಿರಿಟ್‌ನಿಂದ ಒರೆಸಿ, ನಳಿಕೆಯನ್ನು 3–4 ಮಿ.ಮೀ. ಮಾತ್ರ ತೂರಿಸಿ, ಪೂರ್ತಿ ತಳ್ಳಿದರೆ ಹೊರಗಿನ ಸೋಂಕೂ ಒಳಹೋಗುತ್ತದೆ. ಲೇಬಲ್ ಹೇಳಿದಷ್ಟು ದಿನ ಹಾಲು ಡೇರಿಗೆ ಬೇಡ. ನೈಸಿನ್‌ಗೆ ಸದ್ಯ ಹೊಂದುವ ಜಾಗ ಕರೆಯುವ ಮುಂಚೆ ತೊಟ್ಟು ಒರೆಸುವುದು.