ಮನೆಗೆ ಫೈಬರ್, ತೋಟಕ್ಕೆ ವೈರ್‌ಲೆಸ್: ಎರಡು ಸಂಪರ್ಕಗಳನ್ನು ಹೂಡಿಕೆದಾರನಾಗಿ ನೋಡಿದಾಗ

ಚಿಕ್ಕಮಗಳೂರಿನ ನಮ್ಮ ಮನೆಗೆ ಖಾಸಗಿ ಕಂಪನಿಯೊಂದರ ಫೈಬರ್ ಬ್ರಾಡ್‌ಬ್ಯಾಂಡ್ ಹಾಕಿಸಿ ಎರಡು ಮಳೆಗಾಲ ಕಳೆದಿವೆ. ಆಲ್ದೂರಿನ ಆಚೆಗಿರುವ ತೋಟದ ಮನೆಯವರೆಗೆ ಕೇಬಲ್ ಬಾರದ ಕಾರಣ ಅಲ್ಲಿಗೆ ಚಾವಣಿಯ ಮೇಲೆ ಆಂಟೆನಾ ಕೂರಿಸುವ 5ಜಿ ವೈರ್‌ಲೆಸ್ ಸಂಪರ್ಕ ಪಡೆದೆವು. ದೂರಸಂಪರ್ಕ ಷೇರುಗಳಲ್ಲಿ ಅಲ್ಪಸ್ವಲ್ಪ ಹಣ ತೊಡಗಿಸಿರುವ ನನಗೆ, ವಾರ್ಷಿಕ ವರದಿಗಳನ್ನು ಓದುವಾಗ ಏನನ್ನು ಹುಡುಕಬೇಕೆಂಬುದನ್ನು ಈ ಎರಡು ಸಂಪರ್ಕಗಳೇ ಕಲಿಸಿದವು.

ಮೊದಲು ಊರಿನ ಸಂಪರ್ಕದ ಮಾತು. 100 ಎಂಬಿಪಿಎಸ್ ಯೋಜನೆಯಲ್ಲಿ ಬೇಸಿಗೆಯುದ್ದಕ್ಕೂ, ಎಲ್ಲರೂ ಬಳಸುವ ರಾತ್ರಿಯ ಹೊತ್ತಿನಲ್ಲೂ, ವೇಗ ಕುಂದಲಿಲ್ಲ. ಆದರೆ ಈ ಸಲದ ಆರಿದ್ರಾ ಮಳೆಗೆ ಸಿಲ್ವರ್ ಮರದ ಕೊಂಬೆ ಮುರಿದು ಬಿದ್ದು ವಿದ್ಯುತ್ ಕಂಬಗಳ ಮೇಲೆ ಎಳೆದಿದ್ದ ಕೇಬಲ್ ತುಂಡಾಯಿತು. ಮೋಡೆಮ್‌ನ ಕೆಂಪು ದೀಪ ನಾಲ್ಕು ದಿನ ಆರಲಿಲ್ಲ. ಬಂದ ಹುಡುಗ ಜಾಯಿಂಟ್ ಹಾಕಿ ಹೋದ ಮೇಲೂ ಸಂಪರ್ಕ ಮತ್ತೆ ಮತ್ತೆ ಕಡಿಯುತ್ತಿತ್ತು. ಎರಡನೇ ಸಲ ಬಂದವನು ಮೀಟರ್ ಹಚ್ಚಿ ನೋಡಿದಾಗ ಎಳೆಯಲ್ಲಿ ಬರುವ ಬೆಳಕಿನ ಮಟ್ಟ ಮೈನಸ್ 26 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ) ಇತ್ತು. ಮೈನಸ್ 27ಕ್ಕಿಂತ ಕೆಳಗಿಳಿದರೆ ಇಂಥ ಮೋಡೆಮ್‌ಗೆ ಬೆಳಕನ್ನು ಗುರುತಿಸುವುದೇ ಕಷ್ಟ. ಕಂಬದ ಬಳಿ ಕೇಬಲನ್ನು ತೀರಾ ಬಿಗಿಯಾಗಿ ಮಡಿಚಿದ್ದೇ ದೋಷವಾಗಿತ್ತು. ಮಡಿಕೆ ಸಡಿಲಿಸಿದ ಮೇಲೆ ಇಂದಿನವರೆಗೆ ತೊಂದರೆ ಬಂದಿಲ್ಲ, ಮತ್ತು ಆತನ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಹೂಡಿಕೆದಾರನಿಗೆ ಮುಖ್ಯವಾದದ್ದು ಇಲ್ಲಿಯೇ ಇದೆ. ಕಂಬದ ಮೇಲೆ ಎಳೆದ ಕೇಬಲಿಗೆ ಆರಂಭದ ವೆಚ್ಚ ಕಡಿಮೆ, ಆದರೆ ಮಲೆನಾಡಿನಲ್ಲಿ ಅದು ಪ್ರತಿ ಮಳೆಗಾಲವೂ ದುರಸ್ತಿಯ ಖರ್ಚಾಗಿ ಮರಳಿ ಬರುತ್ತದೆ. ನೆಲದೊಳಗೆ ಪೈಪಿನಲ್ಲಿ ಹಾಕಿದ ಕೇಬಲ್ ದುಬಾರಿಯಾದರೂ ದಶಕಗಳ ಕಾಲ ಬಾಳುತ್ತದೆ. ಈಗ ಬಳಕೆಯಲ್ಲಿರುವ ಜಿಪಾನ್ ಎಂಬ ಫೈಬರ್ ತಂತ್ರಜ್ಞಾನದಲ್ಲಿ ಒಂದು ಎಳೆಯ ಸುಮಾರು 2.5 ಜಿಬಿಪಿಎಸ್ (2,500 ಎಂಬಿಪಿಎಸ್) ಸಾಮರ್ಥ್ಯವನ್ನು, ಬೆಳಕನ್ನು ಕವಲೊಡೆಸುವ ಸ್ಪ್ಲಿಟರ್ ಮೂಲಕ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಮುಂದೆ ಎರಡು ತುದಿಗಳ ಉಪಕರಣಗಳನ್ನಷ್ಟೇ ಬದಲಿಸಿದರೆ ಅದೇ ಗಾಜಿನ ಎಳೆ 10 ಜಿಬಿಪಿಎಸ್ ಒಯ್ಯಬಲ್ಲದು. ಹೀಗಾಗಿ ಎಷ್ಟು ಕಿಲೋಮೀಟರ್ ಕೇಬಲ್ ಎಳೆದರು ಎಂಬುದಕ್ಕಿಂತ, ಅದು ಹಾದುಹೋಗುವ ಬೀದಿಯಲ್ಲಿ ಎಷ್ಟು ಮನೆಗಳು ಸಂಪರ್ಕ ಪಡೆದವು ಎಂಬುದರಿಂದಲೇ ಬಂಡವಾಳ ಮರಳುವ ಕಾಲ ನಿರ್ಧಾರವಾಗುತ್ತದೆ.

ತೋಟದ ವೈರ್‌ಲೆಸ್ ಸಂಪರ್ಕ ಒಂದೇ ದಿನದಲ್ಲಿ ಸಿಕ್ಕಿತು. ಗುಂಡಿ ತೋಡುವ, ಅನುಮತಿಗೆ ಅಲೆಯುವ ಗೊಡವೆಯಿಲ್ಲ. ಆದರೆ ಟವರಿನ ದಿಕ್ಕಿಗಿರುವ ಮರಗಳ ಎಲೆಗಳು ನೆನೆದಾಗ ವೇಗ ಇಳಿಯುತ್ತದೆ, ಸಂಜೆ ಸುತ್ತಲಿನವರ ಮೊಬೈಲ್ ಬಳಕೆ ಹೆಚ್ಚಿದಾಗ ಇನ್ನಷ್ಟು ಇಳಿಯುತ್ತದೆ. ಒಂದೇ ತರಂಗಾಂತರವನ್ನು ಮೊಬೈಲ್ ಗ್ರಾಹಕರೂ ಮನೆಗಳೂ ಹಂಚಿಕೊಳ್ಳುವುದರಿಂದ ಕಂಪನಿ ಗ್ರಾಹಕರನ್ನು ಬೇಗ ಸೇರಿಸಿಕೊಳ್ಳಬಹುದಾದರೂ, ಬಳಕೆ ಬೆಳೆದಂತೆ ಹೊಸ ಟವರುಗಳನ್ನೂ ಅವುಗಳಿಗೆ ಮತ್ತೆ ಫೈಬರನ್ನೂ ಒದಗಿಸಲೇಬೇಕಾಗುತ್ತದೆ.

ಅಮೆರಿಕದ ವೆರೈಝಾನ್ ಕಂಪನಿಯ ನಡೆಯನ್ನು ನಾನು ಪದೇ ಪದೇ ನೆನೆಯುತ್ತೇನೆ. 2005ರಲ್ಲಿ ಮನೆಬಾಗಿಲವರೆಗೆ ಫೈಬರ್ ಒಯ್ಯಲು ಹೊರಟಾಗ ಅದರ ವೆಚ್ಚ ಕಂಡು ಅನೇಕ ಹೂಡಿಕೆದಾರರು ಆತಂಕಗೊಂಡಿದ್ದರು. 2016ರಲ್ಲಿ ಅದು ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಮನೆಗಳಿಗೆ ಕೇಬಲ್ ಮೂಲಕ ಸೇವೆ ಕೊಡುವ ಜಾಲವನ್ನು ಫ್ರಾಂಟಿಯರ್ ಎಂಬ ಇನ್ನೊಂದು ದೂರಸಂಪರ್ಕ ಕಂಪನಿಗೆ ಮಾರಿತು. 2020ರಲ್ಲಿ ಸಾಲದ ಹೊರೆಯಿಂದ ಫ್ರಾಂಟಿಯರ್ ದಿವಾಳಿ ಅರ್ಜಿ ಸಲ್ಲಿಸಿತು. 2024ರಲ್ಲಿ ಅದೇ ವೆರೈಝಾನ್ ಇಡೀ ಫ್ರಾಂಟಿಯರನ್ನು ಸಾಲವೂ ಸೇರಿ ಸುಮಾರು 2,000 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿಕೊಂಡಿತು. ಜಾಲ ಒಳ್ಳೆಯದಾಗಿದ್ದರೂ ಅದರ ಮೇಲಿನ ಸಾಲ ಮಾಲೀಕನನ್ನು ಮುಳುಗಿಸಬಲ್ಲದು. ನಮ್ಮಲ್ಲಿ ರಿಲಯನ್ಸ್ ಜಿಯೋ 2019ರಲ್ಲಿ ಫೈಬರ್ ಜಾಲವನ್ನು ಬೇರೆ ಕಂಪನಿಗೆ ವರ್ಗಾಯಿಸಿ, ಆ ಕಂಪನಿಯ ನಿಯಂತ್ರಣವನ್ನು ಇನ್‌ವಿಟ್ ಟ್ರಸ್ಟಿಗೆ, ಅಂದರೆ ಹೂಡಿಕೆದಾರರ ಹಣದಿಂದ ಮೂಲಸೌಕರ್ಯ ಆಸ್ತಿಗಳನ್ನು ಹೊಂದುವ ಟ್ರಸ್ಟಿಗೆ, ಒಪ್ಪಿಸಿತು. ಇಂಥ ಏರ್ಪಾಡಿರುವಲ್ಲಿ ಸಾಲದ ಜೊತೆಗೆ ಜಾಲದ ಬಳಕೆಗೆ ತೆರುವ ಶುಲ್ಕವನ್ನೂ ನೋಡದೆ ಲೆಕ್ಕ ಪೂರ್ಣವಾಗುವುದಿಲ್ಲ.

2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುವ ಭಾರತ್‌ನೆಟ್ ಯೋಜನೆಯ 1,39,579 ಕೋಟಿ ರೂಪಾಯಿಯ ಪರಿಷ್ಕೃತ ರೂಪಕ್ಕೆ ಒಪ್ಪಿಗೆ ನೀಡಿತು. ಪಂಚಾಯಿತಿಗಳನ್ನು ಉಂಗುರದಂತೆ ಜೋಡಿಸಿ, ಒಂದು ಕಡೆ ಕೇಬಲ್ ಕಡಿದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯುವಂತೆ ಮಾಡುವ ಅದರ ವಿನ್ಯಾಸ ನಮ್ಮಂಥ ಗುಡ್ಡಗಾಡಿಗೆ ಸರಿಯಾದುದೆಂದೇ ನನ್ನ ಅಭಿಪ್ರಾಯ. ಆ ಜಾಲ ಆಲ್ದೂರಿನ ಸುತ್ತಲಿನ ತೋಟದ ಮನೆಗಳಿಗೂ ತಲುಪಲೆಂದು ಕಾಯುತ್ತಿದ್ದೇನೆ. ಸದ್ಯ ಊರಿನ ಫೈಬರಿಗೆ ಇಡೀ ವರ್ಷದ ಹಣ ಕಟ್ಟಿದ್ದೇನೆ. ತೋಟದ್ದನ್ನು ತಿಂಗಳ ಲೆಕ್ಕದಲ್ಲೇ ಇಟ್ಟುಕೊಂಡಿದ್ದೇನೆ.